ಸಾಹೇಬರು ಬೀಳುವ ಕಾಲು

ಗುಂಡ್ಲುಪೇಟೆ, ೧೬ ಸೆಪ್ಟೆಂಬರ್ ೧೯೫೭

ಬ್ಲಾಕ್ ಕಚೇರಿಗೆ ಇಂದು ಹೊಸ ಅಧಿಕಾರಿ ಬಂದರು. ಜೀಪಿನಿಂದ ಇಳಿದು, ಸಾಲಾಗಿ ನಿಂತಿದ್ದ ನಮ್ಮ ನಮಸ್ಕಾರಗಳನ್ನು ಒಂದೊಂದಾಗಿ ಸ್ವೀಕರಿಸುತ್ತ ಬಂದು ನನ್ನೆದುರಿಗೆ ನಿಂತರು. ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಕೋಟಿನ ಗುಂಡಿ ಬಿಚ್ಚಿದರು. ಆಮೇಲೆ ಜಗಲಿಯ ಮೇಲೆ ಉದ್ದಕ್ಕೆ ಮಲಗಿ ನನ್ನ ಎರಡೂ ಕಾಲು ಹಿಡಿದುಕೊಂಡರು. ಎದ್ದು, ಮೊಣಕಾಲಿನ ಧೂಳು ಕೊಡವಿ, ಕನ್ನಡಕ ಹಾಕಿಕೊಂಡು, "ಬಾವಿಗಳ ವರದಿ ಹನ್ನೊಂದು ಗಂಟೆಗೆ ನನ್ನ ಮೇಜಿನ ಮೇಲಿರಲಿ" ಎಂದು ನನಗೇ ಹೇಳಿ ಒಳಗೆ ಹೋದರು.

ಜವಾನ ಮಾರಯ್ಯ ಹತ್ತಿರ ಬಂದು, "ಅಲ್ಲಾ ಸ್ವಾಮ್ಯಾರೆ, ನೀವು ಯಾರು?" ಎಂದ. ಮೂರು ವರ್ಷದಿಂದ ಅವನ ಸ್ಟೂಲಿನ ಪಕ್ಕದ ಮೇಜಿನಲ್ಲಿ ಕೂತು ಬರೆಯುತ್ತಿರುವ ಗುಮಾಸ್ತ ಗುರುಪಾದಸ್ವಾಮಿ ಎಂದು ಜ್ಞಾಪಿಸಬೇಕಾಯಿತು.

ಬರೆದಿಟ್ಟರೆ ತಮಾಷೆಯಾಗಿ ಕಾಣಬಹುದೆಂದು ಬರೆಯುತ್ತೇನೆ. ನಾವು ಹುಟ್ಟಿನಿಂದ ಅಯ್ಯಗಳು, ಶಿವಭಕ್ತರ ಮನೆಗಳಿಗೆ ಗುರುಗಳು. ಹೊಸ ಅಧಿಕಾರಿಯಾಗಿ ಬಂದ ಹರವೆಯ ಶಿವಮಲ್ಲಪ್ಪನ ಮನೆ ನಮ್ಮ ಮನೆಗೆ ನಡೆದುಕೊಳ್ಳುವ ಮನೆ. ಅವನ ತಂದೆ ನನ್ನ ಅಣ್ಣನ ಕಾಲಿಗೆ ಬೀಳುತ್ತಿದ್ದರು. ಹೋದ ವರ್ಷ ಇಬ್ಬರೂ ತೀರಿಕೊಂಡರು. ಶಿವಮಲ್ಲಪ್ಪನಿಗೆ ಬೀಳುವುದು ಪಿತ್ರಾರ್ಜಿತವಾಗಿ ಬಂತು, ನನಗೆ ಕಾಲು.

ನನ್ನ ಕಾಲುಗಳ ಬಗ್ಗೆ ನನಗೆ ಭ್ರಮೆಯಿಲ್ಲ. ಎಡಗಾಲಿನಲ್ಲಿ ಆಣಿ ಇದೆ. ನಾನು ವಿಭೂತಿ ಹಚ್ಚುವುದು ಹಬ್ಬಕ್ಕೆ ಮಾತ್ರ, ಅದೂ ಹೆಂಡತಿ ಮಂಗಳಗೌರಿ ತಟ್ಟೆ ಹಿಡಿದು ಅಡ್ಡ ನಿಂತರೆ.

ಮೈಸೂರಿನ ಹಾಸ್ಟೆಲ್ಲಿನಲ್ಲಿ ಇದೇ ಶಿವಮಲ್ಲಪ್ಪನೂ ನಾನೂ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದೆವು, ಒಂದೇ ಸೋಪು ತೇಯುತ್ತಿದ್ದೆವು. ಆಗ ಅಣ್ಣನಿದ್ದ, ಕಾಲು ಅಣ್ಣನದು. ನನ್ನ ಹೆಸರು ಹಿಡಿಯುವ ಮೊದಲು ಬೈದು, ಬೈದ ಮೇಲೆ ಮಾತಾಡಿಸುತ್ತಿದ್ದವನು ಈ ಲೋಕದಲ್ಲಿ ಶಿವಮಲ್ಲಪ್ಪನೊಬ್ಬನೇ. ಅವನಿಗೆ ಇಲ್ಲಿಗೆ ವರ್ಗವಾಗಿದೆ ಎಂದು ಕೇಳಿದಾಗಿನಿಂದ ನಾನು ಕೊಂಚ ಉತ್ಸಾಹದಲ್ಲಿದ್ದೆ ಎಂದು ಮಂಗಳಗೌರಿ ಹೇಳುತ್ತಾಳೆ. ಹಾಗೇನೂ ಇರಲಿಲ್ಲ.

೧೯ ಸೆಪ್ಟೆಂಬರ್

ವ್ಯವಸ್ಥೆ ಗೊತ್ತಾಯಿತು. ಸಾಹೇಬರ ತಾಯಿ ದೊಡ್ಡಮಲ್ಲಮ್ಮನವರು ಹರವೆಯಿಂದ ಮಗನ ಜೊತೆಗೇ ಬಂದಿದ್ದಾರೆ. ಮನೆಯ ಅಯ್ಯ ಇದೇ ಊರಿನಲ್ಲಿರುವಾಗ ಅವನ ಕಾಲಿಗೆ ಬೀಳದೆ ಮಗ ದಿನದ ಕೆಲಸ ಮುಟ್ಟಕೂಡದು ಎಂಬುದು ಅವರ ಕಟ್ಟಳೆ. ಬೆಳಿಗ್ಗೆ ಜೀಪು ನಮ್ಮ ಮನೆ ಮುಂದೆ ನಿಲ್ಲುತ್ತದೆ. ತಾಯಿ ಮಗ ಇಳಿಯುತ್ತಾರೆ. ಮಗ ಬೀಳುತ್ತಾನೆ, ತಾಯಿ ನೋಡುತ್ತಾರೆ. ಆಮೇಲೆ ಜೀಪು ಕಚೇರಿಗೆ ಹೋಗುತ್ತದೆ, ಅದರ ಧೂಳಿನಲ್ಲಿ ನಾನು ನಡೆದು ಹೋಗುತ್ತೇನೆ. ಅಲ್ಲಿ ಮೇಜಿನ ಮುಂದೆ ನಿಂತು "ನಮಸ್ಕಾರ ಸಾರ್" ಎನ್ನುತ್ತೇನೆ. ಅವರು ಕಾಗದದಿಂದ ತಲೆ ಎತ್ತದೆ "ಹ್ಞೂಂ" ಎನ್ನುತ್ತಾರೆ.

ಜೀಪಿನಲ್ಲಿ ನನ್ನನ್ನು ಯಾಕೆ ಕರೆದೊಯ್ಯಬಾರದು ಎಂದು ಡ್ರೈವರ್ ರಂಗನಾಯಕ ಕೇಳಿದನಂತೆ. ಅಯ್ಯನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರೆ ತಾಯಿಗೆ ಆಗುವುದಿಲ್ಲ, ಗುಮಾಸ್ತನನ್ನು ಮುಂದೆ ಕೂರಿಸಿದರೆ ಸರ್ಕಾರಕ್ಕೆ ಆಗುವುದಿಲ್ಲ. ಆದ್ದರಿಂದ ನಡೆಯುವುದೇ ಸರಿ. ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

೨೩ ಸೆಪ್ಟೆಂಬರ್

ಸೋಮವಾರ. ಸಾಹೇಬರ ಮನೆಯಲ್ಲಿ ನನಗೆ ಪಾದಪೂಜೆ, ಊಟ. ಹಿತ್ತಾಳೆ ತಟ್ಟೆಯಲ್ಲಿ ನನ್ನ ಕಾಲಿಟ್ಟು ಸಾಹೇಬರು ನೀರೆರೆದರು, ಬಿಲ್ವಪತ್ರೆ ಏರಿಸಿದರು. ಬೆರಳ ಸಂದಿಯಲ್ಲಿ ನೀರು ಹೋಗುವಾಗ ಕಚಗುಳಿ. ನಗು ತಡೆಯಲು ನಾನು ಮುಖ ಗಂಟಿಕ್ಕಿಕೊಂಡದ್ದನ್ನು ದೊಡ್ಡಮಲ್ಲಮ್ಮನವರು ಧ್ಯಾನವೆಂದು ತಿಳಿದು ಇನ್ನೊಂದು ತಂಬಿಗೆ ನೀರು ತರಿಸಿದರು. ಒಂದು ಸಲ ಅವನ ಕಣ್ಣಿಗೆ ಕಣ್ಣು ಸಿಕ್ಕೀತೆಂದು ನೋಡಿದೆ. ಅವನು ಹೆಬ್ಬೆರಳನ್ನೇ ನೋಡುತ್ತಿದ್ದ.

ಕಚೇರಿ ತಲುಪಿದಾಗ ಹನ್ನೊಂದೂವರೆ. ಮಧ್ಯಾಹ್ನ ಮೆಮೊ ಬಂತು: "ತಡವಾಗಿ ಹಾಜರಾದ ಕಾರಣವನ್ನು ಬರಹದಲ್ಲಿ ತಿಳಿಸುವುದು." ತಿಳಿಸಿದೆ: "ತಮ್ಮ ಮನೆಯಲ್ಲಿ ತಮ್ಮಿಂದ ಕಾಲು ತೊಳೆಸಿಕೊಳ್ಳುತ್ತಿದ್ದ ಕಾರಣ." ಅದರ ಮೇಲೆ "ಒಪ್ಪಿದೆ, ಮುಂದೆ ಹೀಗಾಗಕೂಡದು" ಎಂದು ಬರೆದು ಸಹಿ ಹಾಕಿ ಕಳಿಸಿದ್ದಾರೆ. ಬರೆಯುವಾಗ ನಕ್ಕಿದ್ದನೋ ಇಲ್ಲವೋ ಅಕ್ಷರ ನೋಡಿದರೆ ತಿಳಿಯುವುದಿಲ್ಲ.

೨೭ ಸೆಪ್ಟೆಂಬರ್

ಅರ್ಜಿ ತಂದ ಜನ ಈಗ ಸಾಹೇಬರ ಬಾಗಿಲಿಗೆ ಹೋಗುತ್ತಿಲ್ಲ. ನನ್ನ ಮೇಜಿನ ಕೆಳಗೆ ಕಾಲು ಹುಡುಕುತ್ತಾರೆ. ಇಂದು ಒಬ್ಬ ಮುದುಕ ಮೇಜಿನಡಿಗೆ ಅರ್ಧ ನುಗ್ಗಿ, "ಅಡ್ಬಿದ್ದೆ ಬುದ್ದೀ, ನಮ್ಮೂರ್ಗ ಒಂದು ಬಾವಿ ಆಗ್ಬೇಕು" ಎಂದು ಅಲ್ಲಿಂದಲೇ ಅರ್ಜಿ ಓದಿಸಿದ. ಸಾಹೇಬರ ಹತ್ತಿರ ಹೋಗಪ್ಪ ಎಂದೆ.

"ಸಾಹೇಬ್ರೇ ಬೀಳೋ ಕಾಲು ಇಲ್ಲೇ ಅದ. ಮಧ್ಯದಲ್ಲಿ ಸಾಹೇಬ್ರು ಯಾಕ ಬುದ್ದಿ?"

ಹೋಗುವಾಗ ಸಿಹಿಗುಂಬಳ ಇಟ್ಟುಹೋದ. ಮಾರಯ್ಯ ಕಾಫಿಯನ್ನು ಮೊದಲು ನನಗೆ ಕೊಟ್ಟು ಆಮೇಲೆ ಒಳಗೆ ಒಯ್ಯುತ್ತಿದ್ದಾನೆ. ಬೇಡವೆಂದರೆ, "ನಂಗ್ ಯಾಕ್ ಸ್ವಾಮ್ಯಾರೆ ಪಾಪ" ಎನ್ನುತ್ತಾನೆ.

೭ ಅಕ್ಟೋಬರ್

ಇಂದು ಕಾಲು ಹಿಂದಕ್ಕೆ ಎಳೆದುಕೊಂಡೆ. ಯೋಚಿಸಿ ಮಾಡಿದ್ದಲ್ಲ. ಅವನು ಬಗ್ಗಿದ, ಕಾಲು ತಾನೇ ಹೊಸಿಲೊಳಗೆ ಹೋಯಿತು. "ಸಾಕು ಮಾಡೋ ಮಲ್ಲ" ಎಂದೆ, ಮೆಲ್ಲಗೆ.

ಅವನು ನೆಲದ ಮೇಲಿಂದಲೇ ಹಿಂದಕ್ಕೆ ತಾಯಿಯ ಕಡೆ ನೋಡಿದ. ಆಮೇಲೆ "ಅಪ್ಪಣೆ ಬುದ್ಧಿ" ಎಂದ.

ಈ ಎರಡು ಪದ ಹೇಳಿದ ದನಿ ಬಾವಿಗಳ ವರದಿ ಕೇಳುವ ದನಿಯೇ.

ದೊಡ್ಡಮಲ್ಲಮ್ಮನವರು ಮನೆಗೆ ಹೋಗಿ ಊಟ ಬಿಟ್ಟರು. "ಅಯ್ನೋರು ಕಾಲ್ ಎಳ್ಕಂಡ್ಬುಟ್ರಲ್ಲ ಮಗ, ನಮ್ ಮನೆಯಿಂದ ಏನ್ ತಪ್ಪಾಯ್ತೋ" ಎಂದು ಮಧ್ಯಾಹ್ನದವರೆಗೂ ಅತ್ತರಂತೆ. ಸಂಜೆ ನಾನೇ ಹೋಗಿ ಅವರ ಮನೆಯ ಜಗಲಿಯಲ್ಲಿ ಎರಡೂ ಕಾಲು ಜೋಡಿಸಿಕೊಂಡು ಕೂತೆ. ಬಿದ್ದ. ಅವರು ಊಟ ಮಾಡಿದರು.

ಮಂಗಳಗೌರಿ ಅವನಿಗೆಂದು ಮಾಡಿಟ್ಟ ಚಕ್ಕುಲಿ ಡಬ್ಬಿಯಲ್ಲೇ ಇದೆ. "ಒಂದಿನ ಒಳಗೆ ಬಂದು ಕೂರೋಕೆ ಹೇಳಿ" ಎಂದಳು. ಎಲ್ಲಿ ಕೂರಿಸಲಿ? ನನ್ನ ಸಮಕ್ಕೆ ಅವನು ಕೂರುವಂತಿಲ್ಲ, ಅವನ ಸಮಕ್ಕೆ ನಾನು. ನಮ್ಮ ಮನೆಯಲ್ಲಿರುವ ಎರಡು ಕುರ್ಚಿಗಳು ಒಂದೇ ಎತ್ತರ.

೧೪ ಅಕ್ಟೋಬರ್

ಮೈಸೂರಿನಿಂದ ಕಾಗದ. ಹಳ್ಳಿಗಳ ಅಭಿವೃದ್ಧಿ ನೋಡಲು ಮೂವರು ಪರದೇಶದ ಅತಿಥಿಗಳು ನವೆಂಬರ್ ಹನ್ನೊಂದಕ್ಕೆ ನಮ್ಮ ಬ್ಲಾಕಿಗೆ ಬರುತ್ತಾರೆ, ಇಲ್ಲಿಂದ ಊಟಿಗೆ ಹೋಗುತ್ತಾರೆ. ಜಪಾನಿನ ಒಬ್ಬ ಹೆಂಗಸು, ಫ್ರಾನ್ಸಿನ ಒಬ್ಬ ಕೃಷಿ ಪಂಡಿತ, ನ್ಯೂಜಿಲೆಂಡಿನ ಮಾವೋರಿ ಜನಾಂಗದ ಒಬ್ಬ ಮೇಷ್ಟರು. ಪ್ರತಿಯೊಬ್ಬರನ್ನೂ ಅವರವರ ದೇಶದ ರೀತಿಯಲ್ಲಿ ವಂದಿಸಿ ಬರಮಾಡಿಕೊಳ್ಳಬೇಕೆಂದು ಅಲ್ಲಿಯ ದೊಡ್ಡ ಸಾಹೇಬರ ಅಪ್ಪಣೆ. ವಿವಿಧ ದೇಶಗಳ ವಂದನಾಕ್ರಮದ ಬಗ್ಗೆ ಟಿಪ್ಪಣಿ ಬರೆದು ಜನರಿಗೆ ಅಭ್ಯಾಸ ಮಾಡಿಸುವ ಹೊಣೆ ನನ್ನದು.

ಶಿವಮಲ್ಲಪ್ಪ ಅದನ್ನು ಹೇಳುವಾಗ, "ನಮಸ್ಕಾರದ ವಿಷಯದಲ್ಲಿ ನಿಮಗೆ ಅನುಭವವಿದೆ" ಎಂದ.

ತಲೆ ಎತ್ತಿ ನೋಡಿದೆ. ಅವನು ಇನ್ನೊಂದು ಫೈಲು ತೆಗೆದಿದ್ದ.

೧೮ ಅಕ್ಟೋಬರ್

ಡ್ರೈವರ್ ರಂಗನಾಯಕ ಯುದ್ಧದಲ್ಲಿ ಲಾರಿ ಓಡಿಸಿದವನು. ಈಜಿಪ್ಟ್, ಇಟಲಿ, ಅಸ್ಸಾಂ ಎಲ್ಲ ನೋಡಿದ್ದಾನೆ ಎಂದು ಅವನೇ ಹೇಳುತ್ತಾನೆ. ಜೀಪಿನ ಬಾನೆಟ್ಟಿನ ಮೇಲೆ ಕೂತು ಬರೆಸಿದ:

"ಪ್ರೆಂಚ್ನೋರು ಕೆನ್ನೆಗ ಮುತ್ ಕೊಡ್ತರ ಸ್ವಾಮ್ಯಾರೆ. ಎಡಕ್ಕ ಒಂದು, ಬಲಕ್ಕ ಒಂದು. ಎಂಡ್ತಿ ತೌರ್ಗ ಓಗಿದ್ರ ಇನ್ನೊಂದು. ಟಿಬೆಟ್ನೋರು ನಾಲ್ಗ ತೋರುಸ್ತರ. ಅಸ್ಸಾಮ್ನಲ್ಲಿ ಒಬ್ಬ ನಂಗ ತೋರಿಸ್ದ, ನಾ ಕಪಾಳಕ್ಕ ಬುಟ್ಟೆ. ಆಮೇಲ ಗೊತ್ತಾಯ್ತು, ಪಾಪ, ನಮಸ್ಕಾರ ಮಾಡ್ದ ಅಂತ."

"ಮಾವೋರಿಗಳು?"

"ಅವ್ರು ಮೂಗ್ಗ ಮೂಗ ಒತ್ತುತ್ತರ. ನೆಗ್ಡಿ ಇದ್ರ ರಜಾ."

ರಜಾ ಒಂದನ್ನು ಬಿಟ್ಟರೆ ಮೂಗಿನ ಮಾತು ನಿಜ. ಮೈಸೂರಿನಿಂದ ತರಿಸಿದ ಭೂಗೋಳದ ಪುಸ್ತಕದಲ್ಲಿ ಚಿತ್ರವೇ ಇದೆ. ಇಬ್ಬರು ದೊಡ್ಡ ಗಂಡಸರು ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಕಣ್ಣು ಮುಚ್ಚಿದ್ದಾರೆ. ಒಬ್ಬರ ಉಸಿರನ್ನು ಇನ್ನೊಬ್ಬರು ತೆಗೆದುಕೊಳ್ಳುವುದು ಅದರ ತಾತ್ಪರ್ಯವಂತೆ. ಅಷ್ಟು ಹತ್ತಿರ ನಾನು ಯಾರ ಮುಖಕ್ಕೂ ಹೋದವನಲ್ಲ. ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಟಿಪ್ಪಣಿಯ ಕೊನೆಗೆ ಹೀಗೆ ಬರೆದು ಹೊಡೆದುಹಾಕಿದೆ: ಜಪಾನಿನವರಿಗೂ ಎದುರಿನವರಿಗೂ ನಡುವೆ ಒಂದು ಮಾರು ಜಾಗ ಬೇಕು, ಇಂಗ್ಲಿಷರಿಗೆ ಒಂದು ಕೈ, ಫ್ರೆಂಚರಿಗೆ ಒಂದು ಕೆನ್ನೆ, ಮಾವೋರಿಗಳಿಗೆ ಅದೂ ಬೇಡ. ಎಲ್ಲರೂ ದೂರವನ್ನು ಅಳೆಯುತ್ತಾರೆ. ನಾವು ಎತ್ತರವನ್ನು ಅಳೆಯುತ್ತೇವೆ.

ಸರ್ಕಾರಿ ಟಿಪ್ಪಣಿಯಲ್ಲಿ ಇಂಥದ್ದು ಇರಕೂಡದು.

೨೮ ಅಕ್ಟೋಬರ್

ಕಚೇರಿಯ ಅಂಗಳದಲ್ಲಿ ಅಭ್ಯಾಸ. ಪಂಚಾಯಿತಿ ಚೇರ್ಮನ್ ಮಹದೇವಪ್ಪನವರಿಗೆ ಜಪಾನಿನ ಬಾಗುವಿಕೆ ಹೇಳಿಕೊಟ್ಟೆ. ಸೊಂಟದಿಂದ ಬಾಗಬೇಕು, ಬೆನ್ನು ನೆಟ್ಟಗಿರಬೇಕು, ಏನನ್ನೂ ಮುಟ್ಟಬಾರದು. ಬಾಗಿದರು. ಬಾಗಿದ ಮೇಲೆ ಎದುರಿಗೆ ಕಾಲು ಕಂಡಿತು. ಅಭ್ಯಾಸಬಲ, ಹಿಡಿದುಕೊಂಡರು. ಜಪಾನಿನ ಹೆಂಗಸಿನ ಪಾತ್ರದಲ್ಲಿದ್ದ ಮಾರಯ್ಯ ಹೌಹಾರಿ ಕಿರುಚಿಕೊಂಡ.

ಮಹಿಳಾ ಸಮಾಜದ ಪುಟ್ಟಸಿದ್ದಮ್ಮ ಕೈ ಕುಲುಕಲು ಖಂಡಿತ ಒಪ್ಪಲಿಲ್ಲ. "ನನ್ ಕೈಯ ಒಬ್ರು ಇಡ್ದಿರದು, ಅದೂ ಧಾರೆ ಒತ್ನಲ್ಲಿ. ಆ ಕೈ ಇಡ್ದೇ ಈ ಪಾಟಿ ಅನುಬೋಸ್ತಾ ಇವ್ನಿ, ಇನ್ನೊಂದ್ ಬೇಕಾ?" ಕೆನ್ನೆಯ ವಿಷಯ ನಾನು ಎತ್ತಲೇ ಇಲ್ಲ.

ಮೂಗಿನ ವಂದನೆಗೆ ಯಾರೂ ಮುಂದೆ ಬರಲಿಲ್ಲ. "ನಮ್ ಎಮ್ಮ ಕರುಗ ಮಾಡ್ತದ ಬುದ್ದಿ, ನಾವೂ ಮಾಡದಾ?" ಎಂದು ಹಿಂದಿನಿಂದ ಯಾರೋ ಅಂದರು. ಮಾಡಿ ತೋರಿಸಿ ಎಂದರು. ನಾನು ಮಾಡಬಹುದು, ಆದರೆ ಅಯ್ಯನ ಮೂಗಿಗೆ ತಮ್ಮ ಮೂಗು ತಾಗಿಸಲು ಒಬ್ಬರೂ ಸಿದ್ಧರಿಲ್ಲ. ಕಾಲಿಗಾದರೆ ಹತ್ತು ಜನ ಸಿದ್ಧ.

ಕಿಟಕಿಯಲ್ಲಿ ಶಿವಮಲ್ಲಪ್ಪ ನಿಂತಿದ್ದ. ಅಂಗಳವೆಲ್ಲ ನಗುತ್ತಿತ್ತು. ಅವನೂ ನಕ್ಕನೆಂದು ಕಾಣುತ್ತದೆ, ಹಲ್ಲು ಕಂಡ ಹಾಗಾಯಿತು. ನಾನು ನೋಡುತ್ತಲೇ ಕಿಟಕಿ ಮುಚ್ಚಿತು.

೪ ನವೆಂಬರ್

ಮೈಸೂರಿನ ದೊಡ್ಡ ಸಾಹೇಬರು ಸಿದ್ಧತೆ ನೋಡಲು ಹೇಳದೆ ಕೇಳದೆ ಬೆಳಿಗ್ಗೆಯೇ ಬಂದರು. ನಮ್ಮ ಮನೆ ರಸ್ತೆಗೇ ಇದೆ. ಅವರ ಕಾರು ಹಾದುಹೋಗುವ ಹೊತ್ತಿಗೆ ಬ್ಲಾಕ್ ಅಧಿಕಾರಿ ನಮ್ಮ ಹೊಸಿಲಿನ ಮುಂದೆ ಉದ್ದಕ್ಕೆ ಬಿದ್ದಿದ್ದ. ಕಾರು ನಿಂತಿತು.

"ಹುಷಾರಿಲ್ಲವೇ ಇವರಿಗೆ?" ಎಂದು ದೊಡ್ಡ ಸಾಹೇಬರು ಕೇಳಿದರು.

ದೊಡ್ಡಮಲ್ಲಮ್ಮನವರು ಸೆರಗು ಸರಿಮಾಡಿಕೊಂಡು, "ಚೆಂದಾಗವ್ನ ಬುದ್ದಿ. ನಮ್ ಅಯ್ನೋರು, ನಿಮ್ ಗುಮಾಸ್ತ್ರು. ನೀವೂ ಬೀಳಿ, ಒಳ್ಳೇದಾಗ್ತದ" ಎಂದರು.

ಆಮೇಲೆ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಏನೇನೋ ಮಾತಾಯಿತು. ಸಂಜೆ ಶಿವಮಲ್ಲಪ್ಪ ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿದ. ಹನ್ನೊಂದನೆಯ ತಾರೀಖು ಪರದೇಶದವರ ಎದುರಿಗೆ ಇಂಥದ್ದು ನಡೆದರೆ ಅವನ ಕೆಲಸಕ್ಕೇ ಕುತ್ತು. ಆದರೆ ಅಂದು ಕಾರ್ತಿಕ ಸೋಮವಾರ, ತಾಯಿ ಬಿಡುವುದಿಲ್ಲ. ನಾನು ಊರಿನಲ್ಲಿ ಇಲ್ಲದಿದ್ದರೆ ಮಾತ್ರ ಅವರು ಸುಮ್ಮನಿರುತ್ತಾರೆ. ಆದ್ದರಿಂದ ನಾನು ಅಂದು ಚಾಮರಾಜನಗರಕ್ಕೆ ಹೋಗಬೇಕು.

"ಏನು ಕೆಲಸದ ಮೇಲೆ, ಸಾರ್?"

ಅವನು ಸ್ವಲ್ಪ ಯೋಚಿಸಿ, "ಗುಂಡುಸೂಜಿ" ಎಂದ.

೯ ನವೆಂಬರ್

ಗುಂಡುಸೂಜಿ ಇಲ್ಲಿಯ ಅಂಗಡಿಯಲ್ಲೂ ಸಿಗುತ್ತದೆ. ಹೇಳಲಿಲ್ಲ.

ಚಾಮರಾಜನಗರ, ೧೧ ನವೆಂಬರ್

ನಿನ್ನೆ ಸಂಜೆಯ ಬಸ್ಸಿಗೇ ಬಂದು ಷಡ್ಡಕನ ಮನೆಯಲ್ಲಿ ಉಳಿದಿದ್ದೆ. ಬೆಳಿಗ್ಗೆ ಗುಂಡುಸೂಜಿ ಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮುಂದೆ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ನಮ್ಮ ಜೀಪು ಬಂದು ಎದುರಿಗೇ ನಿಂತಿತು. ಮುಂದೆ ಶಿವಮಲ್ಲಪ್ಪ, ಹಿಂದೆ ಮೂವರು ಅತಿಥಿಗಳು. ರೇಷ್ಮೆ ನೂಲು ತೆಗೆಯುವುದನ್ನು ನೋಡಬೇಕೆಂದು ಅವರು ನಿನ್ನೆಯೇ ಇಲ್ಲಿಗೆ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದರಂತೆ. ಕರೆದೊಯ್ಯಲು ಇವನು ಬೆಳಗಾಗುವ ಮೊದಲೇ ಹೊರಟು ಬಂದಿದ್ದಾನೆ. ಜಪಾನಿನ ಹೆಂಗಸಿಗೆ ಕಾಫಿ ಬೇಕಾಗಿತ್ತು.

ನಾನು ಎರಡೂ ಕಾಲನ್ನು ಬೆಂಚಿನಡಿಗೆ ಮಡಚಿಕೊಂಡೆ. ಅವನು ನನ್ನ ಮುಖ ನೋಡಲಿಲ್ಲ, ಬೆಂಚಿನಡಿಗೆ ನೋಡಿದ. ಕಾರ್ತಿಕ ಸೋಮವಾರ, ಇನ್ನೂ ಬಿದ್ದಿಲ್ಲ, ದಿನದ ಕೆಲಸ ಆಗಲೇ ಶುರುವಾಗಿಬಿಟ್ಟಿದೆ. ಹತ್ತಿರ ಬಂದ. ಜೇಬಿನಿಂದ ಪೆನ್ನು ತೆಗೆದು ನನ್ನ ಕಾಲ ಹತ್ತಿರ ಬೀಳಿಸಿದ. "ಓ, ಪೆನ್ನು" ಎಂದು ಬಗ್ಗಿದ.

ಜಪಾನಿನ ಹೆಂಗಸು ಬಹಳ ಸೌಜನ್ಯದವರು. ತಾವು ಎತ್ತಿಕೊಡಲೆಂದು ಅವರೂ ಬಗ್ಗಿದರು. ಹೆಂಗಸು ಬಗ್ಗುತ್ತಿರುವಾಗ ನೆಟ್ಟಗೆ ನಿಲ್ಲುವುದು ಫ್ರೆಂಚರಿಂದ ಆಗದು, ಆತನೂ ಬಗ್ಗಿದ. ಮೂರು ತಲೆಗಳು ನನ್ನ ಆಣಿಯ ಮೇಲ್ಗಡೆ ಒಂದಕ್ಕೊಂದು ಡಿಕ್ಕಿ ಹೊಡೆದ ಸದ್ದು ಹೋಟೆಲಿನ ಒಳಗಿನವರೆಗೂ ಕೇಳಿಸಿತು. ಶಿವಮಲ್ಲಪ್ಪ ಆ ಗಡಿಬಿಡಿಯಲ್ಲಿ ಎರಡು ಬೆರಳಿನಿಂದ ನನ್ನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ನನಗೆ ಮಾತ್ರ ಗೊತ್ತು. ಅತಿಥಿಗಳು ಇದನ್ನು ಏನೆಂದುಕೊಂಡರೋ, ಹಣೆ ಉಜ್ಜಿಕೊಳ್ಳುತ್ತ ನಗುತ್ತಿದ್ದರು.

ಮಾವೋರಿ ಮೇಷ್ಟರು, ಬಾಗಿಲು ತುಂಬುವಂಥ ಆಳು, "ಇವರು ಯಾರು?" ಎಂದು ಕೇಳಿದರು.

"ನನ್ನ ಗುಮಾಸ್ತ" ಎಂದ ಶಿವಮಲ್ಲಪ್ಪ.

ಅವರು ನನ್ನ ಭುಜ ಹಿಡಿದು ಎಬ್ಬಿಸಿ ನಿಲ್ಲಿಸಿ, ಬಗ್ಗಿ, ತಮ್ಮ ಹಣೆಯನ್ನೂ ಮೂಗನ್ನೂ ನನ್ನ ಹಣೆಗೂ ಮೂಗಿಗೂ ತಾಗಿಸಿದರು. ಹಿಂದಕ್ಕೆ ಸರಿಯಬೇಕೆಂದು ಹೊಳೆಯುವುದರೊಳಗೆ ಮುಗಿಯಿತು. ಅವರ ಉಸಿರಿನಲ್ಲಿ ಬಾಳೆಹಣ್ಣಿನ ವಾಸನೆಯಿತ್ತು. ಇಷ್ಟೇ ಬರೆಯುವುದಕ್ಕಿರುವುದು. ಮೈ ಜುಮ್ಮೆನ್ನಲಿಲ್ಲ.

ಆಮೇಲೆ ಅವರು ನಮ್ಮಿಬ್ಬರನ್ನೂ ನೋಡಿ, "ನೀವಿಬ್ಬರೂ ಒಂದೇ ವಯಸ್ಸಿನವರು. ಅತಿಥಿಗೆ ಕೈ ಮುಗಿಯುತ್ತೀರಿ, ಅದನ್ನು ನೋಡಿದೆ. ಇಬ್ಬರು ಹಳೆಯ ಸ್ನೇಹಿತರು ಬಹಳ ದಿನದ ಮೇಲೆ ಸಿಕ್ಕರೆ ಈ ಊರಿನಲ್ಲಿ ಏನು ಮಾಡುತ್ತಾರೆ? ಮಾಡಿ ತೋರಿಸಿ" ಎಂದರು. ಜಪಾನಿನವರು ನೋಡಲು ಒಂದು ಹೆಜ್ಜೆ ಮುಂದೆ ಬಂದರು.

ಶಿವಮಲ್ಲಪ್ಪ ನನ್ನೆದುರಿಗೆ ನಿಂತ. ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದ. ಬಾಯಿ ತೆರೆದ. ಹಳೆಯ ಬೈಗುಳ ಬಂದೇ ಬರುತ್ತದೆ ಎಂದುಕೊಂಡೆ. ನಾನೂ ಒಂದು ಉತ್ತರ ಸಿದ್ಧಮಾಡಿಕೊಂಡಿದ್ದೆ, ಇಲ್ಲ ಎನ್ನುವುದು ಸುಳ್ಳಾಗುತ್ತದೆ.

ಅವನು ಕೈ ಮುಗಿದು, "ನಮಸ್ಕಾರ" ಎಂದ.

ನಾನೂ "ನಮಸ್ಕಾರ" ಎಂದೆ.

"ಅಷ್ಟೇನೆ?" ಎಂದರು ಫ್ರೆಂಚರು.

"ಅಷ್ಟೇ" ಎಂದ ಅವನು.

ಜೀಪು ಹೋಯಿತು. ಕಾಫಿ ಆರಿತ್ತು, ಕುಡಿದೆ.

ಗುಂಡ್ಲುಪೇಟೆ, ೧೨ ನವೆಂಬರ್

ಬಸ್ಸಿನಿಂದ ಇಳಿಯುತ್ತಲೇ ರಂಗನಾಯಕ ಸಿಕ್ಕ. ಮುಖ ಒಂದು ಥರ ಇತ್ತು.

"ತಪ್ಪಾಗೋಯ್ತು ಸ್ವಾಮ್ಯಾರೆ."

"ಏನಾಯಿತೋ?"

"ನೀವಿಬ್ರು ಮಾಡುದ್ದ ನೋಡಿ ನಂಗ ತಡ್ಕಳಕ್ಕಾಗ್ನಿಲ್ಲ. ಎಣದ್ ಮುಂದ ನಿಂತೋರ್ ತರ ನಮಸ್ಕಾರ ನಮಸ್ಕಾರ ಅಂದ್ರ, ಪಾಪ ಅಷ್ಟ್ ದೂರದಿಂದ ಬಂದೋರು ಏನಂದ್ಕಬೇಕು? ದಾರೀಲಿ ತೆರಕಣಾಂಬಿ ತಾವ ಜೀಪ್ ನಿಲ್ಸಿ ಸಾಹೇಬ್ರು ಆ ಕಡ ಓಗಿದ್ರು. ಅಲ್ಲೇ ನಮ್ ಭಾವಮೈದ ಸಿಕ್ದ. ಅವನ್ ಬೆನ್ಗ ಒಂದ್ ಗುದ್ದಿ, 'ಏನ್ಲಾ, ಎಲ್ ಸತ್ತೋಗಿದ್ಯೋ ಬಡ್ಡೈದ್ನೆ' ಅಂದಿ. ಇದು ಕಣ್ರಪ್ಪ ನಮ್ ಕಡ ಸ್ನೇಯ್ತರು ಅಂತ ತೋರಿಸ್ದಿ. ಮಾವೋರಿ ಸಾಹೇಬ್ರು ಬುಡ್ನೇ ಇಲ್ಲ. ಗುಂಡ್ಲುಪೇಟ ಬರೋಗಂಟ ಬಾಯ್ಪಾಠ."

"ಆಮೇಲೆ?"

"ಆಮೇಲೇನು, ಇಲ್ಲಿ ದೊಡ್ ಸಾಹೇಬ್ರು ಗಂಧದಾರ ಇಡ್ಕಂಡು ನಿಂತಿದ್ರು. ಮಾವೋರಿಯವ್ರು ಇಳುದ್ರು. ಸೀದಾ ಓಗಿ ಬೆನ್ಗ ಇಟ್ರು ನೋಡಿ ಒಂದ. ಟೋಪಿ ಅತ್ಲಾಗಿ, ಆರ ಇತ್ಲಾಗಿ. 'ಏನ್ಲಾ, ಎಲ್ ಸತ್ತೋಗಿದ್ಯೋ' ಅಂದ್ರು, ಎಷ್ಟ್ ಪ್ರೀತೀಲಿ! ಜಪಾನ್ ಅಮ್ಮನೋರು ಇನ್ನೂ ಚೆಂದ ಸ್ವಾಮ್ಯಾರೆ. ಸೊಂಟ ಬಾಗ್ಸಿ, ಮೆಲ್ಗ, 'ಬಡ್ಡೈದ್ನೆ' ಅಂದ್ರು."

ನಾನು ರಸ್ತೆಯ ಮಧ್ಯೆ ನಿಂತು ನಕ್ಕೆ. ಗುಂಡುಸೂಜಿಯ ಡಬ್ಬಿ ಕೈಯಿಂದ ಬಿತ್ತು. ಇಬ್ಬರೂ ಕೂತು ಆರಿಸಿಕೊಂಡೆವು.

"ಸಾಹೇಬರು ಏನು ಮಾಡಿದರು?"

"ನಮ್ ಸಾಹೇಬ್ರಾ? ಜೀಪ್ ಇಂದಕ್ಕ ಓಗಿ ಟೈರ್ ನೋಡ್ತಾ ನಿಂತ್ರು. ಬುಜ ಕುಣೀತಿತ್ತು."

ಪುಟ್ಟಸಿದ್ದಮ್ಮ ಮಾತ್ರ ಮಾವೋರಿ ಮೇಷ್ಟರ ಕೈಯನ್ನು ತಾನಾಗಿಯೇ ಹಿಡಿದು ಕುಲುಕಿದಳಂತೆ. "ದೊಡ್ ಸಾಹೇಬ್ರಿಗ ಗುದ್ದಿದ್ ಕೈ" ಎಂದು.

೨೦ ನವೆಂಬರ್

ವಂದನಾಕ್ರಮದ ಟಿಪ್ಪಣಿ ಬರೆದವನು ನಾನು. ಅಭ್ಯಾಸ ಮಾಡಿಸಿದವನು ನಾನು. ಆದ್ದರಿಂದ ಚಾಮರಾಜನಗರದ ತಾಲ್ಲೂಕು ಕಚೇರಿಗೆ ನನಗೆ ವರ್ಗವಾಗಿದೆ. ಅತಿಥಿಗಳು ಊಟಿಯಿಂದ ಮೆಚ್ಚುಗೆಯ ಕಾಗದ ಬರೆದದ್ದರಿಂದ ಬೇರೆ ಯಾರ ಮೇಲೂ ಕ್ರಮವಿಲ್ಲ.

ಬಿಡುಗಡೆಯ ಆಜ್ಞೆಗೆ ಶಿವಮಲ್ಲಪ್ಪ ಸಹಿ ಹಾಕಿದ. ಪೆನ್ನು ಬಹಳ ಹೊತ್ತು ಕಾಗದದ ಮೇಲಿತ್ತು. "ಬರುತ್ತೇನೆ ಸಾರ್" ಎಂದೆ. "ಹ್ಞೂಂ" ಎಂದ.

ರಂಗನಾಯಕನ ಹೆಸರನ್ನು ನಾನೂ ಹೇಳಲಿಲ್ಲ, ಶಿವಮಲ್ಲಪ್ಪನೂ ಹೇಳಲಿಲ್ಲ. ಇದೊಂದು ವಿಷಯದಲ್ಲಿ ನಾವಿಬ್ಬರೂ ಮಾತಾಡಿಕೊಳ್ಳದೆ ಒಂದಾಗಿದ್ದೆವು.

ಚಾಮರಾಜನಗರ, ೧ ಡಿಸೆಂಬರ್

ಇಲ್ಲಿ ನನ್ನ ಕಾಲಿಗೆ ಯಾರೂ ಬೀಳುವುದಿಲ್ಲ. ಕಾಫಿ ಸರದಿಯ ಪ್ರಕಾರ ಬರುತ್ತದೆ. ಬೆಳಿಗ್ಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ, ಹೊಸಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

"ಯಾರನ್ನ ಕಾಯ್ತಿದ್ದೀರಿ?" ಎಂದಳು ಮಂಗಳಗೌರಿ.

ಬಿಸಿಲಿಗೆ ಕೂತಿದ್ದೇನೆ ಎಂದೆ. ಅಲ್ಲಿಗೆ ಬಿಸಿಲು ಬರುವುದು ಮಧ್ಯಾಹ್ನದ ಮೇಲೆ.

೧೫ ಡಿಸೆಂಬರ್

ಭಾನುವಾರ. ನಾನು ಹಿತ್ತಲಿನಲ್ಲಿ ಅವರೆಗೆ ಚಪ್ಪರದ ಗಳು ನೆಡುತ್ತಿದ್ದೆ. ಬೀದಿಯಲ್ಲಿ ಎತ್ತಿನ ಗಾಡಿ ನಿಂತಿತು. ಜೀಪಲ್ಲ, ಹರವೆಯ ಗಾಡಿ. ದೊಡ್ಡಮಲ್ಲಮ್ಮನವರನ್ನು ಮಗ ಕೈಹಿಡಿದು ಇಳಿಸಿದ. ಕೋಟಿರಲಿಲ್ಲ, ಪಂಚೆ ಉಟ್ಟಿದ್ದ.

"ಅಯ್ನೋರು ಊರ್ ಬುಟ್ಟು ಬಂದ್ಬುಟ್ರು, ನನ್ ಮಗ ಯಾವ್ ಕೆಲ್ಸ ಮುಟ್ಟುದ್ರೂ ಕೈಗ ಅತ್ತಲ್ಲ ಅಂತನ" ಎಂದು ದೊಡ್ಡಮಲ್ಲಮ್ಮನವರು ಬಾಗಿಲಲ್ಲೇ ಶುರುಮಾಡಿದರು. "ಮೂರ್ ಒತ್ತೂ ಕಿರಿಕಿರಿ. ತಿಂಗಳ್ಗ ಒಂದ್ ಸಲಿ ಆದ್ರೂ ಬಿದ್ಬುಟ್ಟು ಓಗನ ಬಾ ಅವ್ವ ಅಂದ. ಅವ್ನೇ ಅಂದುದ್ದು ಕಣ್ ಬುದ್ದಿ, ನಾ ಏಳಿಲ್ಲ."

ಕಾಲು ತೊಳೆದುಬರುತ್ತೇನೆ ಎಂದೆ. ಅವನು ಬಿಡಲಿಲ್ಲ. ಕನ್ನಡಕ ತೆಗೆದು ಗೂಟಕ್ಕೆ ಸಿಕ್ಕಿಸಿ, ನಡುಮನೆಯಲ್ಲೇ ಉದ್ದಕ್ಕೆ ಬಿದ್ದ. ತಾಯಿ ಕೈಮುಗಿದು ಹಿಂದೆ ನಿಂತರು, ಮಂಗಳಗೌರಿ ಅಡುಗೆಮನೆಯ ಬಾಗಿಲಲ್ಲಿ.

ಅವನ ಹಣೆ ನನ್ನ ಹೆಬ್ಬೆರಳಿಗೆ ತಾಗಿತು. ಎದ್ದೇಳಲು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತಾಯಿತು. ಆಗ ನೆಲದಿಂದ, ತುಟಿ ಅಲುಗದ ಹಾಗೆ, ನನಗೆ ಮಾತ್ರ ಕೇಳುವಷ್ಟು ದನಿ ಬಂತು:

"ಥೂ, ಏನ್ಲಾ ಇದು ಕಾಲೋ ಕೊಟ್ಟಿಗೆಯೋ? ಹಾಸ್ಟೆಲ್ನಲ್ಲೂ ಹಿಂಗೇ ನಾರ್ತಿದ್ದೆ. ತೊಳ್ಕೊಳ್ಳೋಕೇನ್ಲಾ ರೋಗ ನಿಂಗೆ?"

ನಾನು ಏನೂ ಹೇಳುವಂತಿರಲಿಲ್ಲ. ನಾನು ನಿಂತಿದ್ದೆ, ನನ್ನ ಬಾಯಿ ಎಲ್ಲರಿಗೂ ಕಾಣುತ್ತಿತ್ತು. ಆಶೀರ್ವಾದಕ್ಕೆ ಬಗ್ಗಿದೆ. ಇದುವರೆಗೆ ನಾನು ಅವನ ತಲೆ ಮುಟ್ಟಿ ಹರಸಿದವನಲ್ಲ. ಕೈಯನ್ನು ನೆತ್ತಿಯ ಮೇಲಿಟ್ಟು, ಬೆರಳು ಮಡಚಿ, ಒಂದು ಮೊಟಕಿದೆ. ಸದ್ದಾಗದಷ್ಟು ಮೆಲ್ಲಗೆ, ನೋಯುವಷ್ಟು ಜೋರಾಗಿ.

ಅವನು ಎದ್ದು ಕೂತ. ಮುಖ ಕೆಂಪಾಗಿತ್ತು, ಕಣ್ಣಿನಲ್ಲಿ ನೀರು. ತುಟಿ ಬಿಗಿಹಿಡಿದಿದ್ದ.

ದೊಡ್ಡಮಲ್ಲಮ್ಮನವರು ಸೆರಗಿನಿಂದ ತಮ್ಮ ಕಣ್ಣೂ ಒರೆಸಿಕೊಂಡರು. "ನೋಡ್ದಾ ಗೌರವ್ವ? ಇವತ್ತು ಅಯ್ನೋರು ಮನಸ್ ತುಂಬಿ ಅರಸುದ್ರು. ಇಷ್ಟ್ ದಿನ ಬಿದ್ದುದ್ದು ಬಿದ್ದಂಗೇ ಅಲ್ಲ."

"ಇನ್ನೊಂದ್ ಸಲ ಬಿದ್ಬುಡ್ತೀನಿ ಕಣವ್ವ" ಎಂದ ಅವನು. "ಸಮಾಧಾನ ಆಗ್ಲಿಲ್ಲ."

"ಬೀಳಪ್ಪ, ಬೀಳು."

ನಾನು ಎಡಗಾಲನ್ನು ಸ್ವಲ್ಪ ಮುಂದಕ್ಕೆ ಚಾಚಿದೆ.